ಮದ್ಯವಿಲ್ಲ, ಮಾಂಸವಿಲ್ಲ, ಲಿವರ್‌ನಲ್ಲಿ ಕೊಬ್ಬು ಎಲ್ಲಿಂದ ಬಂತು?

ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದವರ ಕೈಗೆ ಬರುವ ವರದಿಯಲ್ಲಿ ಈಗ ಒಂದು ಸಾಲು ತೀರಾ ಸಾಮಾನ್ಯವಾಗಿಬಿಟ್ಟಿದೆ: ‘ಫ್ಯಾಟಿ ಲಿವರ್, ಗ್ರೇಡ್ 1’. ಕಿಡ್ನಿಯಲ್ಲಿ ಕಲ್ಲಿದೆಯೇ ಎಂದು ನೋಡಲು ಹೋದವರಿಗೂ, ಕಂಪನಿಯ ವಾರ್ಷಿಕ ತಪಾಸಣೆಗೆ ಹೋದವರಿಗೂ ಇದೇ ಸಾಲು. ನಮ್ಮ ಮನೆಗಳಲ್ಲಿ ಇದನ್ನು ಓದಿದ ಕೂಡಲೇ ಭಯಕ್ಕಿಂತ ಮೊದಲು ಬರುವುದು ಮುಜುಗರ. ಲಿವರ್ ಕೆಟ್ಟಿದೆ ಎಂದರೆ ಕುಡಿತವೇ ಕಾರಣ ಎಂಬುದು ಊರಿನ ತಿಳಿವಳಿಕೆ. “ನಾವು ಕುಡಿಯುವವರಲ್ಲ, ಮಾಂಸ ಮೊಟ್ಟೆ ಮುಟ್ಟುವವರಲ್ಲ, ಈರುಳ್ಳಿ ಆಲೂಗಡ್ಡೆಯನ್ನೂ ಬಿಟ್ಟಿದ್ದೇವೆ. ನಮಗೇಕೆ ಇದು?” ಎಂದು ಹಿರಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ನಮ್ಮ ತಟ್ಟೆಯಲ್ಲಿ ಅರ್ಧ ಇದೆ, ಜೀವಕೋಶದೊಳಗಿನ ಜೀನ್‌ಗಳಲ್ಲಿ ಇನ್ನರ್ಧ ಇದೆ. ಎರಡನ್ನೂ ಸೇರಿಸುವ ಕೊಂಡಿ ಇನ್ಸುಲಿನ್.

ಕೋಲಾರ ತಾಲ್ಲೂಕಿನ ನರಸಾಪುರವನ್ನೇ ತೆಗೆದುಕೊಳ್ಳೋಣ. ರಾಗಿ, ರೇಷ್ಮೆ, ಹಾಲು, ಟೊಮೆಟೊ ನಂಬಿ ಬದುಕುತ್ತಿದ್ದ ಸೀಮೆ. ಬೆಂಗಳೂರು–ಕೋಲಾರ ಹೆದ್ದಾರಿಯ ಪಕ್ಕದಲ್ಲಿ ಕೈಗಾರಿಕಾ ಪ್ರದೇಶ ಬಂತು. 2013ರಲ್ಲಿ ಹೋಂಡಾ ದ್ವಿಚಕ್ರ ವಾಹನದ ಕಾರ್ಖಾನೆ ಶುರುವಾಯಿತು, ಆಮೇಲೆ ಮೊಬೈಲ್ ಫೋನ್ ಜೋಡಿಸುವ ದೊಡ್ಡ ಕಾರ್ಖಾನೆಯೂ ಬಂತು. ಈಗ ಅಲ್ಲಿಯ ದಿನಚರಿಯನ್ನು ನಡೆಸುವುದು ಸೂರ್ಯನಲ್ಲ, ಶಿಫ್ಟ್ ಬಸ್ಸು. ಇಂಥ ಕಡೆ ಲೆಕ್ಕಪತ್ರದ ಕೆಲಸದಲ್ಲಿರುವ ಮೂವತ್ತೈದರ ಜೈನ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳಿ. ನೋಡಲು ಸಣಕಲು, ತೂಕ 64 ಕೆ.ಜಿ. ಆದರೆ ಬೆಲ್ಟ್‌ನ ತೂತು ಎರಡು ವರ್ಷದಲ್ಲಿ ಎರಡು ಸಲ ಬದಲಾಗಿದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ತಟ್ಟೆ ತುಂಬ ಅನ್ನ ಸಾರು, ನಡುವೆ ನಾಲ್ಕು ಸಲ ಸಕ್ಕರೆ ಹಾಕಿದ ಟೀ, ಜೊತೆಗೆ ಬಿಸ್ಕತ್ತು. ಮನೆಯಲ್ಲಿದ್ದಾಗ ಸೂರ್ಯಾಸ್ತದ ಮೊದಲೇ ಊಟ ಮುಗಿಸುತ್ತಿದ್ದವನು ಈಗ ರಾತ್ರಿ ಹತ್ತಕ್ಕೆ ಉಣ್ಣುತ್ತಾನೆ. ತುಪ್ಪ ಬಿಟ್ಟಿದ್ದಾನೆ, ಕರಿದದ್ದು ಬಿಟ್ಟಿದ್ದಾನೆ. ಆದರೂ ವರದಿಯಲ್ಲಿ ಆ ಸಾಲು.

ಇವನು ಒಬ್ಬನೇ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಫ್ಯಾಟಿ ಲಿವರ್ ಮತ್ತು ಮಧುಮೇಹ ಒಂದೇ ಬೇರಿನ ಎರಡು ಕವಲುಗಳು. ಇದನ್ನು ವೈದ್ಯಲೋಕವೂ ಒಪ್ಪಿ, ಕಾಯಿಲೆಯ ಹೆಸರಿನಲ್ಲಿದ್ದ ‘ನಾನ್ ಆಲ್ಕೊಹಾಲಿಕ್’ ಎಂಬ ಪದವನ್ನು 2023ರಲ್ಲಿ ಕೈಬಿಟ್ಟಿತು. ಕುಡಿತದ ನೆರಳಿಲ್ಲದ ಹೊಸ ಹೆಸರಿನಲ್ಲಿ ಈಗ ‘ಮೆಟಬಾಲಿಕ್’, ಅಂದರೆ ದೇಹದ ಪಚನ–ಪೋಷಣೆಯ ವ್ಯವಹಾರಕ್ಕೆ ಸಂಬಂಧಿಸಿದ್ದು ಎಂಬ ಮಾತಿದೆ. ಮುಜುಗರ ಪಡುವವರಿಗೆ ಇಷ್ಟಾದರೂ ಸಮಾಧಾನ.

ಮೂರು ದಾರಿಯಿಂದ ಬರುವ ಕೊಬ್ಬು

ಲಿವರ್‌ಗೆ ಕೊಬ್ಬು ಮೂರು ದಾರಿಯಿಂದ ಬರುತ್ತದೆ. ನಾವು ತಿಂದ ಎಣ್ಣೆ ತುಪ್ಪದಿಂದ ನೇರವಾಗಿ ಬರುವುದು ಒಂದು. ಹೊಟ್ಟೆ ಸೊಂಟಗಳ ಕೊಬ್ಬಿನ ಕೋಶಗಳಿಂದ ಸೋರಿ ರಕ್ತದ ಮೂಲಕ ಬರುವುದು ಎರಡನೆಯದು. ಮೂರನೆಯದು ವಿಚಿತ್ರ: ಅನ್ನ, ಸಕ್ಕರೆ, ಹಿಟ್ಟಿನಿಂದ ಬಂದ ಗ್ಲೂಕೋಸನ್ನೇ ಲಿವರ್ ತಾನೇ ಕೊಬ್ಬಾಗಿ ತಯಾರಿಸಿಕೊಳ್ಳುವುದು.

2005ರಲ್ಲಿ ಅಮೆರಿಕದ ಸಂಶೋಧಕರು ಫ್ಯಾಟಿ ಲಿವರ್ ಇದ್ದ ಕೆಲವು ರೋಗಿಗಳ ಲಿವರ್‌ನಲ್ಲಿದ್ದ ಕೊಬ್ಬಿನ ಜಾಡು ಹಿಡಿದು ಲೆಕ್ಕ ಹಾಕಿದರು. ಸುಮಾರು 59 ಪಾಲು ಮೈಯ ಕೊಬ್ಬಿನ ಕೋಶಗಳಿಂದ ಬಂದಿತ್ತು, 26 ಪಾಲು ಲಿವರ್ ತಾನೇ ತಯಾರಿಸಿದ್ದು, ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು 15 ಪಾಲು ಮಾತ್ರ. ಆರೋಗ್ಯವಂತರು ಬರಿಹೊಟ್ಟೆಯಲ್ಲಿರುವಾಗ ಲಿವರ್ ಸ್ವಂತವಾಗಿ ತಯಾರಿಸುವ ಪಾಲು ನೂರಕ್ಕೆ ಐದಕ್ಕಿಂತಲೂ ಕಡಿಮೆ. ಅಂದರೆ ಫ್ಯಾಟಿ ಲಿವರ್ ಇರುವವರಲ್ಲಿ ಒಳಗಿನ ಗಾಣ ಹಗಲೂ ರಾತ್ರಿ ತಿರುಗುತ್ತಿದೆ ಎಂದಾಯಿತು.

ಇದರಿಂದ ತುಪ್ಪಕ್ಕೆ ಖುಲಾಸೆ ಸಿಕ್ಕಿತು ಎಂದು ತಿಳಿಯಬೇಡಿ. ಹೆಚ್ಚು ತಿಂದ ತುಪ್ಪ ಮೈಯ ಕೊಬ್ಬಾಗಿ, ಆ ಮೈಯ ಕೊಬ್ಬು ಮತ್ತೆ ಸೋರಿ ಲಿವರ್ ಸೇರುತ್ತದೆ. ಆದರೆ ತುಪ್ಪ ಬಿಟ್ಟು ಅದರ ಜಾಗದಲ್ಲಿ ಇನ್ನೆರಡು ಸೌಟು ಅನ್ನ, ಇನ್ನೊಂದು ತುಂಡು ಮೈಸೂರು ಪಾಕ್ ತಿಂದರೆ ಕೊಬ್ಬು ಬಿಟ್ಟಂತಾಗಲಿಲ್ಲ. ಆ ಗಾಣವನ್ನು ತಿರುಗಿಸುವವರು ಯಾರು ಎಂಬುದನ್ನು ನೋಡಬೇಕು.

ಬಾಗಿಲಲ್ಲೇ ನಿಂತು ಸಾರುವ ತಳವಾರ

ಉಂಡ ಮೇಲೆ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ. ಹೊಟ್ಟೆಯ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿ ಇದನ್ನು ಗ್ರಹಿಸಿ ಇನ್ಸುಲಿನ್ ಬಿಡುತ್ತದೆ. ಈ ಇನ್ಸುಲಿನ್ ಮೈಗೆಲ್ಲ ಹರಡುವ ಮೊದಲು ಒಂದು ವಿಶೇಷ ರಕ್ತನಾಳದ ಮೂಲಕ ನೇರವಾಗಿ ಲಿವರ್‌ಗೆ ಹೋಗುತ್ತದೆ. ಅದರಲ್ಲಿ ಸುಮಾರು ಅರ್ಧದಷ್ಟನ್ನು ಲಿವರ್ರೇ ಮೊದಲ ಸುತ್ತಿನಲ್ಲಿ ಹಿಡಿದುಕೊಳ್ಳುತ್ತದೆ. ಹೀಗಾಗಿ ದೇಹದ ಬೇರೆ ಯಾವ ಅಂಗಕ್ಕಿಂತಲೂ ಲಿವರ್ ಇನ್ಸುಲಿನ್ನಿನ ಮಾತನ್ನು ಜೋರಾಗಿ ಕೇಳಿಸಿಕೊಳ್ಳುತ್ತದೆ.

ಇನ್ಸುಲಿನ್ ಎಂದರೆ ‘ಸಕ್ಕರೆ ಇಳಿಸುವ ಔಷಧ’ ಎಂದಷ್ಟೇ ನಾವು ತಿಳಿದಿದ್ದೇವೆ. ಅದರ ನಿಜವಾದ ಕೆಲಸ ‘ಸುಗ್ಗಿ ಬಂದಿದೆ, ಕಣಜ ತುಂಬಿಸಿ’ ಎಂದು ಸಾರುವುದು. ಹಳ್ಳಿಯಲ್ಲಿ ಡಂಗುರ ಸಾರುತ್ತಿದ್ದ ತಳವಾರ ಯಾರ ಮನೆಯ ಒಳಗೂ ಹೋಗುತ್ತಿರಲಿಲ್ಲ, ಬೀದಿಯಲ್ಲಿ ನಿಂತು ಸಾರಿ ಮುಂದೆ ಹೋಗುತ್ತಿದ್ದ. ಇನ್ಸುಲಿನ್ನೂ ಹಾಗೆಯೇ. ಜೀನ್‌ಗಳಿರುವ ಕೋಶಕೇಂದ್ರದವರೆಗೆ ಹೋಗಿ ಅದು ಅವುಗಳನ್ನು ಮುಟ್ಟಬೇಕಾಗಿಲ್ಲ. ಕೋಶದ ಹೊರಪೊರೆಯಲ್ಲಿರುವ ಗ್ರಾಹಕಕ್ಕೆ ಬಂದು ಅಂಟಿಕೊಳ್ಳುತ್ತದೆ, ಅಷ್ಟೇ. ಒಳಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ದಾಟುತ್ತದೆ. ಈ ಸರಪಳಿಯಲ್ಲಿ ಹಲವು ಪ್ರೋಟೀನ್‌ಗಳಿವೆ. ಅವುಗಳಲ್ಲಿ ಮುಖ್ಯವಾದ ಒಂದರ ಹೆಸರು ‘ಎಕೆಟಿ’. ಅದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಪ್ರತಿ ಜೀವಕೋಶದಲ್ಲೂ ಹೆಚ್ಚುಕಡಿಮೆ 20,000 ಜೀನ್‌ಗಳಿವೆ. ಕಣ್ಣಿನ ಕೋಶಕ್ಕೂ ಲಿವರ್ ಕೋಶಕ್ಕೂ ಗ್ರಂಥ ಒಂದೇ. ಯಾವ ಕೋಶ ಯಾವ ಹೊತ್ತಿಗೆ ಯಾವ ಪುಟ ತೆರೆದು ಓದುತ್ತದೆ ಎಂಬುದರಲ್ಲಿ ವ್ಯತ್ಯಾಸ. ಓದಿದ ಪುಟದಂತೆ ಕಿಣ್ವ ತಯಾರಾಗುತ್ತದೆ, ಕಿಣ್ವದಂತೆ ಕೆಲಸ ನಡೆಯುತ್ತದೆ. ಹಾಗಾದರೆ ಕೊಬ್ಬು ತಯಾರಿಸುವ ಪುಟಗಳನ್ನು ತೆರೆಯುವವರು ಯಾರು?

ಅದು ‘ಎಸ್‌ಆರ್‌ಇಬಿಪಿ-1ಸಿ’ ಎಂಬ ಪ್ರೋಟೀನ್. ಹೆಸರು ನಾಲಿಗೆಗೆ ಕಷ್ಟ, ಅದರ ಕಥೆ ಮಾತ್ರ ಸ್ವಾರಸ್ಯದ್ದು. ಅಮೆರಿಕದ ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಎಂಬ ಇಬ್ಬರು ವೈದ್ಯವಿಜ್ಞಾನಿಗಳು ಕೊಲೆಸ್ಟೆರಾಲ್ ಕುರಿತ ಕೆಲಸಕ್ಕೆ 1985ರಲ್ಲಿ ನೊಬೆಲ್ ಪಡೆದಿದ್ದರು. ಕೊಲೆಸ್ಟೆರಾಲ್ ಜೀನ್‌ಗಳ ಬೀಗದ ಕೈ ಹುಡುಕುತ್ತಾ ಹೋದ ಅವರ ತಂಡಕ್ಕೆ 1993ರಲ್ಲಿ ಈ ಗುಂಪಿನ ಪ್ರೋಟೀನ್ ಸಿಕ್ಕಿತು. ಅದೇ ವರ್ಷ ಬೇರೊಂದು ಪ್ರಯೋಗಾಲಯದಲ್ಲಿ ಬ್ರೂಸ್ ಸ್ಪೀಗಲ್‌ಮನ್ ತಂಡ ಕೊಬ್ಬಿನ ಕೋಶಗಳು ಹೇಗೆ ರೂಪುಗೊಳ್ಳುತ್ತವೆ ಎಂದು ನೋಡುತ್ತಾ ಅದನ್ನೇ ಇನ್ನೊಂದು ಹೆಸರಿನಲ್ಲಿ ಪತ್ತೆಹಚ್ಚಿತು. ಒಂದೇ ಊರಿಗೆ ಎರಡು ದಾರಿಯಿಂದ ಬಂದು ಸೇರಿದಂತೆ.

ಈ ಪ್ರೋಟೀನ್ ಹುಟ್ಟುವಾಗ ಕೈಕಾಲು ಕಟ್ಟಿಸಿಕೊಂಡೇ ಹುಟ್ಟುತ್ತದೆ. ಕೋಶದೊಳಗಿನ ಒಂದು ಪೊರೆಗೆ ಹೊಲಿದಿಟ್ಟಂತೆ ಅಂಟಿಕೊಂಡಿರುತ್ತದೆ. ಅದನ್ನು ಅಲ್ಲೇ ಹಿಡಿದಿಡಲು ಕಾವಲು ಪ್ರೋಟೀನ್‌ಗಳೂ ಇವೆ. ಇನ್ಸುಲಿನ್ನಿನ ಸುದ್ದಿ ಬಂದಾಗ ಕಾವಲು ಸಡಿಲಾಗುತ್ತದೆ. ಪ್ರೋಟೀನು ಕೋಶದ ಇನ್ನೊಂದು ಭಾಗಕ್ಕೆ ಸಾಗುತ್ತದೆ. ಅಲ್ಲಿ ಎರಡು ಕಿಣ್ವಗಳು ಒಂದಾದ ಮೇಲೊಂದು ಕತ್ತರಿ ಹಾಕುತ್ತವೆ. ಕತ್ತರಿಸಿದ ತುಂಡು ಬಿಡುಗಡೆಯಾಗಿ ಕೋಶಕೇಂದ್ರಕ್ಕೆ ಹೋಗಿ, ಕೊಬ್ಬಿನ ಜೀನ್‌ಗಳ ಮುಂದಿರುವ ಗುರುತಿನ ಅಕ್ಷರಗಳ ಮೇಲೆ ಕುಳಿತು ಅವುಗಳನ್ನು ತೆರೆಸುತ್ತದೆ. ಇನ್ಸುಲಿನ್ ಇಷ್ಟಕ್ಕೇ ನಿಲ್ಲುವುದಿಲ್ಲ. ಎಸ್‌ಆರ್‌ಇಬಿಪಿ-1ಸಿ ತಯಾರಿಸುವ ಜೀನನ್ನೂ ಜೋರು ಮಾಡುತ್ತದೆ. ಬಿಡುಗಡೆಯಾದ ತುಂಡು ತನ್ನದೇ ಜೀನಿನ ಮೇಲೂ ಕುಳಿತು ಇನ್ನಷ್ಟು ತನ್ನನ್ನೇ ಮಾಡಿಸಿಕೊಳ್ಳುತ್ತದೆ.

ತೆರೆದುಕೊಂಡ ಜೀನ್‌ಗಳಿಂದ ಬರುವ ಕಿಣ್ವಗಳಲ್ಲಿ ಎರಡನ್ನು ಮಾತ್ರ ಹೇಳಿದರೆ ಸಾಕು. ಮೊದಲನೆಯದು ಗ್ಲೂಕೋಸಿನಿಂದ ಬಂದ ಎರಡು ಇಂಗಾಲದ ತುಣುಕನ್ನು ‘ಮೆಲೊನಿಲ್-ಕೋಎ’ ಎಂಬ ಕಚ್ಚಾವಸ್ತುವಾಗಿ ಬದಲಿಸುತ್ತದೆ. ಎರಡನೆಯದು ಆ ತುಣುಕುಗಳನ್ನು ಎರಡೆರಡು ಇಂಗಾಲದಂತೆ ಪೋಣಿಸಿ ಹದಿನಾರು ಇಂಗಾಲದ ಸರ ಮಾಡುತ್ತದೆ. ಆ ಸರವೇ ಪಾಮಿಟಿಕ್ ಆಮ್ಲ. ತಾಳೆ ಎಣ್ಣೆಯಲ್ಲಿ ಹೇರಳವಾಗಿರುವ ಅದೇ ಕೊಬ್ಬಿನಾಮ್ಲ. ಒಂದು ಚಮಚ ಎಣ್ಣೆಯನ್ನೂ ಮುಟ್ಟದೆ ಅನ್ನದಿಂದ ತಾಳೆ ಎಣ್ಣೆಯ ಕೊಬ್ಬು ಆಗುವುದು ಹೀಗೆ.

ಇಲ್ಲೊಂದು ಚಮತ್ಕಾರವಿದೆ. ಮೆಲೊನಿಲ್-ಕೋಎ ಬರೀ ಕಚ್ಚಾವಸ್ತುವಲ್ಲ. ಕೊಬ್ಬನ್ನು ಸುಡುವ ಒಲೆಯೊಳಕ್ಕೆ ಕೊಬ್ಬಿನಾಮ್ಲಗಳು ಹೋಗುವ ಬಾಗಿಲನ್ನೂ ಅದೇ ಮುಚ್ಚುತ್ತದೆ. ಡೆನಿಸ್ ಮೆಕ್‌ಗ್ಯಾರಿ ಎಂಬ ವಿಜ್ಞಾನಿ 1977ರಲ್ಲಿ ಇದನ್ನು ತೋರಿಸಿದರು. ಕೊಬ್ಬು ತಯಾರಾಗುತ್ತಿರುವಾಗ ಅದೇ ಕೋಶದಲ್ಲಿ ಕೊಬ್ಬು ಉರಿಯದಿರಲಿ ಎಂಬ ಏರ್ಪಾಡು. ತರ್ಕ ಸರಿಯಾದದ್ದೇ: ಕಣಜ ತುಂಬಿಸುವವನು ಅದೇ ಹೊತ್ತಿನಲ್ಲಿ ಕಣಜದ ತಳದಿಂದ ಕಾಳು ತೆಗೆಯುವುದಿಲ್ಲ. ಆದರೆ ದಿನವಿಡೀ ಟೀ ಬಿಸ್ಕತ್ತು ತಿನ್ನುತ್ತಾ ಹೋದರೆ ಸುಗ್ಗಿ ಮುಗಿಯುವುದೇ ಇಲ್ಲ. ಒಲೆಯ ಬಾಗಿಲು ತೆರೆಯಲು ಹೊತ್ತೇ ಸಿಗುವುದಿಲ್ಲ.

ಇನ್ಸುಲಿನ್ ಜೊತೆಗೆ ಗ್ಲೂಕೋಸಿಗೂ ತನ್ನದೇ ದೂತನಿದ್ದಾನೆ. 2001ರಲ್ಲಿ ಡಲ್ಲಾಸ್‌ನಲ್ಲೇ ಕೊಸಾಕು ಉಯೆಡಾ ತಂಡ ಪತ್ತೆಮಾಡಿದ ‘ಕ್ರೆಬ್ಪ್’ ಎಂಬ ಪ್ರೋಟೀನ್ ಅದು. ಸಕ್ಕರೆ ಕೋಶದೊಳಗೆ ತುಂಬಿದಾಗ ಎಚ್ಚೆತ್ತು ಅದೂ ಕೊಬ್ಬಿನ ಜೀನ್‌ಗಳನ್ನು ತೆರೆಯುತ್ತದೆ. ಫ್ರಕ್ಟೋಸ್ ಎಂಬ ಸಕ್ಕರೆಗೆ ಇದು ಬೇಗ ಒಲಿಯುತ್ತದೆ. ನಾವು ಟೀಗೆ ಹಾಕುವ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಬೆಲ್ಲವೂ ಹೆಚ್ಚುಕಡಿಮೆ ಅದೇ. ಶ್ರೀನಿವಾಸಪುರದ ಮಾವಿನಹಣ್ಣಿನಲ್ಲೂ ಫ್ರಕ್ಟೋಸ್ ಇದೆ. ಊಟದ ಜೊತೆ ಒಂದು ಹಣ್ಣು ತಿನ್ನುವವರು ಹೆದರಬೇಕಾಗಿಲ್ಲ. ನಾಲ್ಕು ಹಣ್ಣಿನ ರಸಕ್ಕೆ ಸಕ್ಕರೆಯನ್ನೂ ಬೆರೆಸಿ ಲೋಟಗಟ್ಟಲೆ ಕುಡಿಯುವ ರೂಢಿ ಬೇರೆಯದೇ ವಿಷಯ.

ಒಂದು ಕಿವಿ ಕಿವುಡು, ಇನ್ನೊಂದಕ್ಕೆ ಕೇಳಿಸುತ್ತದೆ

ಇಲ್ಲಿಯವರೆಗೆ ಹೇಳಿದ್ದು ಆರೋಗ್ಯವಂತ ದೇಹದ ಕಥೆ. ಸಮಸ್ಯೆ ಶುರುವಾಗುವುದು ಮುಂದೆ.

ಉಪವಾಸವಿರುವಾಗ ಮಿದುಳಿಗೆ ಗ್ಲೂಕೋಸ್ ಬೇಕಲ್ಲ. ಅದನ್ನು ಲಿವರ್ ತಯಾರಿಸಿ ಕೊಡುತ್ತದೆ. ಗ್ಲೂಕೋಸ್ ತಯಾರಿಸುವ ಜೀನ್‌ಗಳನ್ನು ತೆರೆದಿಡುವವನು ‘ಫಾಕ್ಸೋ-1’ ಎಂಬ ಇನ್ನೊಬ್ಬ. ಉಂಡಾಗ ಇನ್ಸುಲಿನ್ ಬಂದು, ಎಕೆಟಿಯ ಮೂಲಕ ಈ ಫಾಕ್ಸೋ-1ನ್ನು ಕೋಶಕೇಂದ್ರದಿಂದ ಹೊರಗೆ ತಳ್ಳಿಸುತ್ತದೆ. ಹೊರಗಿನಿಂದ ಸಕ್ಕರೆ ಬಂದಿರುವಾಗ ಒಳಗೆ ತಯಾರಿಸುವ ಕೆಲಸ ನಿಲ್ಲಬೇಕು, ನ್ಯಾಯವೇ. ಅಂದರೆ ಇನ್ಸುಲಿನ್ ಒಂದೇ ಡಂಗುರದಲ್ಲಿ ಎರಡು ಅಪ್ಪಣೆ ಕೊಡುತ್ತದೆ: ಸಕ್ಕರೆ ತಯಾರಿಕೆ ನಿಲ್ಲಿಸಿ, ಕೊಬ್ಬಿನ ತಯಾರಿಕೆ ಶುರುಮಾಡಿ.

‘ಇನ್ಸುಲಿನ್ ಪ್ರತಿರೋಧ’ ಎಂಬ ಮಾತನ್ನು ವೈದ್ಯರ ಬಾಯಲ್ಲಿ ಕೇಳಿರುತ್ತೀರಿ. ಇನ್ಸುಲಿನ್ ಸಾಕಷ್ಟಿದ್ದರೂ ಕೋಶಗಳು ಅದರ ಮಾತು ಕೇಳದ ಸ್ಥಿತಿ. ಲಿವರ್ ಪೂರ್ತಿ ಕಿವುಡಾಗಿದ್ದರೆ ಸಕ್ಕರೆಯೂ ಏರಬೇಕಿತ್ತು, ಕೊಬ್ಬಿನ ತಯಾರಿಕೆಯೂ ನಿಲ್ಲಬೇಕಿತ್ತು. ಆಗುವುದು ಹಾಗಲ್ಲ. ಮಧುಮೇಹಿಗಳಲ್ಲಿ ಸಕ್ಕರೆಯೂ ಏರಿರುತ್ತದೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬೂ ಏರಿರುತ್ತದೆ. ಮೊದಲ ಅಪ್ಪಣೆ ಕೇಳಿಸುತ್ತಿಲ್ಲ, ಎರಡನೆಯದು ಕೇಳಿಸುತ್ತಲೇ ಇದೆ! ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ 2008ರಲ್ಲಿ ಇದನ್ನು ಒಂದು ವಿರೋಧಾಭಾಸವೆಂದೇ ಕರೆದರು. 2010ರಲ್ಲಿ ಅವರ ತಂಡ ಎರಡೂ ಸುದ್ದಿಗಳು ಎಕೆಟಿಯವರೆಗೆ ಒಂದೇ ದಾರಿಯಲ್ಲಿ ಬಂದು, ಅಲ್ಲಿಂದ ಮುಂದೆ ಕವಲೊಡೆಯುತ್ತವೆ ಎಂದು ಇಲಿಗಳ ಲಿವರ್ ಕೋಶಗಳಲ್ಲಿ ತೋರಿಸಿತು. ಒಂದು ಕವಲನ್ನು ಔಷಧದಿಂದ ಕಟ್ಟಿದರೆ ಕೊಬ್ಬಿನ ಜೀನ್ ಮಲಗಿತು, ಸಕ್ಕರೆಯ ಜೀನಿಗೆ ಏನೂ ಆಗಲಿಲ್ಲ.

ಕೆಟ್ಟ ಸುತ್ತು ಶುರುವಾಗುವುದು ಇಲ್ಲಿ. ಸಕ್ಕರೆ ಇಳಿಯಲಿಲ್ಲವೆಂದು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ. ಮೊದಲ ಅಪ್ಪಣೆ ಆಗಲೂ ಸರಿಯಾಗಿ ಕೇಳಿಸದು. ಎರಡನೆಯದು ಮಾತ್ರ ಇನ್ನೂ ಜೋರಾಗಿ ಕೇಳಿಸುತ್ತದೆ. ಲಿವರ್‌ನಲ್ಲಿ ಕೊಬ್ಬು ತುಂಬುತ್ತದೆ. ತುಂಬಿದ ಕೊಬ್ಬು ಪ್ರತಿರೋಧವನ್ನು ಹೆಚ್ಚಿಸುತ್ತದೆ. ರಕ್ತಪರೀಕ್ಷೆಯಲ್ಲಿ ಸಕ್ಕರೆ ಇನ್ನೂ ‘ನಾರ್ಮಲ್’ ಎಂದೇ ಬರುತ್ತಿರುವ ಹಲವು ವರ್ಷಗಳ ಕಾಲ ಈ ಸುತ್ತು ಒಳಗೊಳಗೇ ನಡೆಯಬಹುದು. ನರಸಾಪುರದ ನಮ್ಮ ಯುವಕ ಇರುವುದು ಬಹುಶಃ ಇದೇ ಹಂತದಲ್ಲಿ.

ಇದು ಇಲಿಗಳ ಕಥೆ, ಮನುಷ್ಯರಿಗೆ ಹೊಂದುತ್ತದೆಯೇ ಎಂದು ಕೇಳಬಹುದು. 2009ರಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಹತ್ತಿರದ ಉತ್ತರ ಕೊಡುತ್ತದೆ. ಹುಟ್ಟಿನಿಂದಲೇ ಇನ್ಸುಲಿನ್ ಗ್ರಾಹಕದ ಜೀನ್ ಕೆಟ್ಟಿರುವ ಕೆಲವೇ ಜನ ಜಗತ್ತಿನಲ್ಲಿದ್ದಾರೆ. ಅವರ ಕೋಶಗಳಿಗೆ ಎರಡು ಅಪ್ಪಣೆಗಳೂ ಕೇಳಿಸುವುದಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ತೀವ್ರವಾಗಿರುತ್ತದೆ, ಆದರೆ ಲಿವರ್‌ನಲ್ಲಿ ಕೊಬ್ಬು ತುಂಬಿರುವುದಿಲ್ಲ. ಇನ್ಸುಲಿನ್ನಿನ ಅಪ್ಪಣೆ ತಲುಪದಿದ್ದರೆ ಗಾಣ ತಿರುಗದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಎರಡನೆಯ ಅಪ್ಪಣೆ ಅಷ್ಟು ಜೋರಾಗಿ ಉಳಿಯುವುದು ಪೂರ್ತಿ ಇನ್ಸುಲಿನ್ನಿನಿಂದಲೋ, ಇಲ್ಲವೇ ಸಕ್ಕರೆ ಮತ್ತು ಸೋರಿಬಂದ ಕೊಬ್ಬಿನ ಒತ್ತಡವೂ ಸೇರಿಯೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ.

ಈ ತಿಳಿವಳಿಕೆಯ ಬಹುಪಾಲು ಇಲಿಗಳ ಮೇಲಿನ ಪ್ರಯೋಗಗಳಿಂದ ಬಂದದ್ದು. ಬರೆಯುವಾಗ ನನಗೂ ಕಸಿವಿಸಿ, ಓದುವಾಗ ನಿಮಗೂ ಆಗಿರಬಹುದು. ಅದನ್ನು ಮುಚ್ಚಿಡುವುದು ಪ್ರಾಮಾಣಿಕವಲ್ಲ ಎಂದು ಹೇಳಿದ್ದೇನೆ.

ಮೈಸೂರಿನ ಕೂಸುಗಳು ಹೇಳಿದ್ದು

ನಮ್ಮವರು ಸಣಕಲಾಗಿದ್ದರೂ ಹೊಟ್ಟೆ ಬರುವುದೇಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ಎಳೆ ಮೈಸೂರಿನಲ್ಲಿದೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1934ರಿಂದಲೂ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಅಲ್ಲಿ ಬರೆದಿಟ್ಟಿದ್ದರು. ಯಾರೂ ಮತ್ತೆ ತೆರೆದು ನೋಡದಿದ್ದರೆ ಗೆದ್ದಲು ತಿನ್ನುತ್ತಿದ್ದ ಕಾಗದ. ಬ್ರಿಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಸೇರಿ 1934ರಿಂದ 1953ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಊರಿನ ಸುತ್ತಮುತ್ತ ಇದ್ದ 506 ಜನರನ್ನು ಹುಡುಕಿ ಪರೀಕ್ಷಿಸಿದರು. 1998ರಲ್ಲಿ ಫಲಿತಾಂಶ ಪ್ರಕಟವಾಯಿತು. ಯುರೋಪಿನಲ್ಲಿ ತೂಕ ಕಡಿಮೆಯಿದ್ದ ಕೂಸುಗಳಿಗೆ ಮುಂದೆ ಮಧುಮೇಹ ಹೆಚ್ಚು ಎಂದು ಕಂಡುಬಂದಿತ್ತು. ಮೈಸೂರಿನಲ್ಲಿ ಹುಟ್ಟುವಾಗ ಗಿಡ್ಡವಾಗಿ ಗುಂಡಗಿದ್ದವರಿಗೆ, ತಾಯಿಯ ತೂಕ ಹೆಚ್ಚಿದ್ದವರಿಗೆ ಅದು ಹೆಚ್ಚಾಗಿತ್ತು. ಬಸಿರಿನಲ್ಲಿ ಆ ತಾಯಂದಿರಿಗೆ ಯಾರೂ ಗುರುತಿಸದ ಸಕ್ಕರೆ ಏರಿಕೆ ಇದ್ದಿರಬಹುದು ಎಂದು ಸಂಶೋಧಕರು ಊಹಿಸಿದರು.

ಊಹೆಯನ್ನು ಪರೀಕ್ಷಿಸಲು ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ‘ಮೈಸೂರು ಪಾರ್ಥೆನಾನ್ ಅಧ್ಯಯನ’ ಶುರುವಾಯಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆಯುತ್ತಾ ಬಂದರು. ಮೊದಲು ಕಂಡದ್ದು ಇದು: ಬ್ರಿಟನ್ನಿನ ಕೂಸುಗಳಿಗೆ ಹೋಲಿಸಿದರೆ ಮೈಸೂರಿನ ಕೂಸುಗಳು ತೂಕದಲ್ಲಿ, ಉದ್ದದಲ್ಲಿ ಸಣ್ಣವು, ಆದರೆ ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು. ಪುಣೆಯ ಡಾ. ಚಿತ್ತರಂಜನ್ ಯಾಜ್ನಿಕ್ ಇದೇ ಸ್ಥಿತಿಯನ್ನು ‘ತೆಳುವಾದರೂ ಕೊಬ್ಬುಳ್ಳ’ ಕೂಸು ಎಂದು ವರ್ಣಿಸಿದ್ದರು. ಎರಡನೆಯದು, ಬಸಿರಿನಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಿಗೆ ಐದನೇ ವರ್ಷದಲ್ಲೇ ಚರ್ಮದಡಿಯ ಕೊಬ್ಬೂ ರಕ್ತದ ಇನ್ಸುಲಿನ್ನೂ ಬೇರೆ ಮಕ್ಕಳಿಗಿಂತ ಹೆಚ್ಚಿದ್ದವು.

ತಾಯಿಯ ಗ್ಲೂಕೋಸ್ ಮಾಸುಚೀಲ ದಾಟಿ ಕೂಸಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಬಂದ ಸಕ್ಕರೆಗೆ ಕೂಸು ತನ್ನದೇ ಇನ್ಸುಲಿನ್ ಬಿಡಬೇಕು. ಬಿಟ್ಟ ಇನ್ಸುಲಿನ್ ಅಲ್ಲೂ ಸಾರುವುದು ಅದನ್ನೇ: ಸುಗ್ಗಿ ಬಂದಿದೆ, ಕಣಜ ತುಂಬಿಸಿ. ಮೈಸೂರಿನವರು ಜೀನ್‌ಗಳನ್ನು ಅಳೆಯಲಿಲ್ಲ, ಅಳೆದದ್ದು ಮಕ್ಕಳ ಮೈಯನ್ನು. ಕೊಂಡಿ ಹಾಕುತ್ತಿರುವುದು ನಾನು. ಆದರೂ ಸೊಸೆ ಬಸುರಿಯಾದಾಗ ‘ಇಬ್ಬರಿಗಾಗಿ ತಿನ್ನಮ್ಮ’ ಎಂದು ಲಾಡು ಮುಂದಿಡುವ ಅತ್ತೆಯಂದಿರು ಮೈಸೂರಿನ ಈ ಕೆಲಸವನ್ನು ಒಮ್ಮೆ ತಿಳಿದುಕೊಂಡರೆ ಒಳ್ಳೆಯದು. ಬಸಿರಿನಲ್ಲಿ ಸಕ್ಕರೆ ಪರೀಕ್ಷೆ ತಪ್ಪಿಸಲೇಬಾರದು.

ಉಪವಾಸ, ಪಾರಣೆ, ರಾತ್ರಿಯೂಟ

ಉಪವಾಸದಲ್ಲಿ ಇನ್ಸುಲಿನ್ ಇಳಿಯುತ್ತದೆ. ಎಸ್‌ಆರ್‌ಇಬಿಪಿ-1ಸಿ ಮತ್ತೆ ಪೊರೆಗೆ ಅಂಟಿಕೊಂಡು ಕೂರುತ್ತದೆ, ಗಾಣ ನಿಲ್ಲುತ್ತದೆ, ಒಲೆಯ ಬಾಗಿಲು ತೆರೆಯುತ್ತದೆ. ದಶಲಕ್ಷಣ ಪರ್ವದಲ್ಲಿ ಏಕಭುಕ್ತ ಮಾಡುವವರ ದೇಹದಲ್ಲಿ ದಿನದ ಬಹುಭಾಗ ನಡೆಯುವುದು ಇದೇ.

ಆದರೆ ಪಾರಣೆಯ ವಿಷಯದಲ್ಲಿ ಎಚ್ಚರ ಬೇಕು. 1998ರಲ್ಲಿ ಡಲ್ಲಾಸ್ ತಂಡವೇ ಒಂದು ದಿನ ಉಪವಾಸವಿಟ್ಟ ಇಲಿಗಳಿಗೆ ಹಿಟ್ಟು ಸಕ್ಕರೆ ಹೆಚ್ಚಿದ್ದ, ಕೊಬ್ಬು ಕಡಿಮೆಯಿದ್ದ ಆಹಾರ ಕೊಟ್ಟು ನೋಡಿತು. ಉಪವಾಸದಲ್ಲಿ ಇಳಿದಿದ್ದ ಆ ಪ್ರೋಟೀನ್ ಮೊದಲಿನ ಮಟ್ಟಕ್ಕೆ ಬಂದು ನಿಲ್ಲಲಿಲ್ಲ, ಅದನ್ನು ಹಲವು ಪಟ್ಟು ದಾಟಿ ಏರಿತು. ಇಲಿಗೆ ಒಂದು ದಿನದ ಉಪವಾಸವೆಂದರೆ ನಮಗೆ ಬಹಳ ದಿನಗಳದ್ದಕ್ಕೆ ಸಮ, ಆದ್ದರಿಂದ ಲೆಕ್ಕವನ್ನು ಹಾಗೇ ಮನುಷ್ಯರಿಗೆ ತರುವಂತಿಲ್ಲ. ದಿಕ್ಕು ಮಾತ್ರ ಅದೇ. ಉಪವಾಸ ಬಿಡುವ ದಿನ ಹೆಸರುಬೇಳೆಯ ನೀರು, ಸ್ವಲ್ಪ ಗಂಜಿ ಎಂದು ಅಜ್ಜಿಯಂದಿರು ಮಾಡುತ್ತಿದ್ದ ಕ್ರಮ ಬಿಟ್ಟು ಹೋಳಿಗೆ, ಜಿಲೇಬಿ, ಹಣ್ಣಿನ ರಸದ ಸಾಲು ಇಡುವುದು ದೇಹಕ್ಕೆ ಉಪಕಾರವಲ್ಲ.

ಸೂರ್ಯಾಸ್ತದ ಮೊದಲು ಉಣ್ಣುವುದರ ಬಗ್ಗೆಯೂ ಕೇಳುತ್ತಾರೆ. ಒಂದೇ ಊಟವನ್ನು ಬೆಳಿಗ್ಗೆ ಉಂಡಾಗಿನಕ್ಕಿಂತ ರಾತ್ರಿ ಉಂಡಾಗ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ ಎಂಬುದು ಹಲವು ಸಲ ಕಂಡ ವಿಷಯ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ ಎಂಟು ಗಂಡಸರಿಗೆ ದಿನದ ಊಟವನ್ನೆಲ್ಲ ಮಧ್ಯಾಹ್ನ ಮೂರರೊಳಗೆ ಮುಗಿಸುವಂತೆ ಮಾಡಿದಾಗ, ತೂಕ ಇಳಿಯದಿದ್ದರೂ ಇನ್ಸುಲಿನ್ನಿಗೆ ಅವರ ದೇಹ ಸ್ಪಂದಿಸುವುದು ಸುಧಾರಿಸಿತು. ಎಂಟೇ ಜನ, ಸಣ್ಣ ಪ್ರಯೋಗ. ಇದನ್ನು ಹಿಡಿದುಕೊಂಡು ‘ನಮ್ಮ ಆಚಾರ್ಯರಿಗೆ ಇನ್ಸುಲಿನ್ ಗೊತ್ತಿತ್ತು’ ಎಂದು ವಾಟ್ಸ್ಯಾಪಿನಲ್ಲಿ ಹಂಚುವುದು ನನಗೆ ಸರಿಕಾಣದು. ರಾತ್ರಿಭೋಜನ ತ್ಯಾಗವನ್ನು ಅವರು ಹೇಳಿದ್ದು ಅಹಿಂಸೆಗಾಗಿ. ಅದಕ್ಕೆ ಪ್ರಯೋಗಾಲಯದ ಸಾಕ್ಷಿ ಬೇಕಿಲ್ಲ.

ಈಗಾಗಲೇ ಮಧುಮೇಹದ ಔಷಧ ತೆಗೆದುಕೊಳ್ಳುವವರಿಗೆ ಮಾತ್ರ ಉಪವಾಸದಲ್ಲಿ ಅಪಾಯವಿದೆ. ಇನ್ಸುಲಿನ್ ಚುಚ್ಚುಮದ್ದು ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಮಾತ್ರೆಗಳು ಊಟವಿಲ್ಲದಿದ್ದರೂ ಸಕ್ಕರೆ ಇಳಿಸುತ್ತಲೇ ಹೋಗುತ್ತವೆ. ಬೆವರು, ನಡುಕ, ತಲೆಸುತ್ತು, ಮಾತು ತಡವರಿಸುವುದು ಕಂಡರೆ ವ್ರತದ ಛಲ ಬಿಟ್ಟು ಕೂಡಲೇ ಸಕ್ಕರೆ ಕೊಡಬೇಕು. ಪರ್ವಕ್ಕೆ ಎರಡು ವಾರ ಮೊದಲೇ ವೈದ್ಯರ ಬಳಿ ಹೋಗಿ ಯಾವ ಔಷಧ ಎಷ್ಟು ಕಡಿಮೆ ಮಾಡಬೇಕೆಂದು ಬರೆಸಿಕೊಳ್ಳಿ. ತಾವಾಗಿಯೇ ನಿಲ್ಲಿಸುವುದೂ ತಪ್ಪು. ಟೈಪ್ 1 ಮಧುಮೇಹದವರು ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು.

ಇನ್ಸುಲಿನ್ ಪ್ರಾಣಿಯಿಂದ ಬರುತ್ತದೆ ಎಂದು ಚುಚ್ಚುಮದ್ದು ಬೇಡವೆನ್ನುವ ಹಿರಿಯರು ಇನ್ನೂ ಇದ್ದಾರೆ. ಅವರ ಆತಂಕಕ್ಕೆ ಹಿಂದೆ ಕಾರಣವಿತ್ತು. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಬೇರ್ಪಡಿಸಿದ ಮೇಲೆ ಆರು ದಶಕ ಅದು ಬಂದದ್ದು ದನ ಮತ್ತು ಹಂದಿಯ ಗ್ರಂಥಿಗಳಿಂದಲೇ. 1978ರಲ್ಲಿ ಮನುಷ್ಯರ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾದಲ್ಲಿ ಕೂರಿಸಿ ಇನ್ಸುಲಿನ್ ತೆಗೆದರು, 1982ರಲ್ಲಿ ಅದು ಮಾರುಕಟ್ಟೆಗೆ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಲ್ಲಿ ಬೆಳೆಸಿದ ಮಾನವ ಇನ್ಸುಲಿನ್ ಹೊರತಂದಿತು. ಯೀಸ್ಟೂ ಜೀವವೇ ಎಂದು ಕೇಳುವವರಿದ್ದಾರೆ. ಏಕೇಂದ್ರಿಯ, ಪಂಚೇಂದ್ರಿಯಗಳ ಭೇದ ಬಲ್ಲವರಿಗೆ ಅದರ ಉತ್ತರ ನಾನು ಹೇಳಬೇಕಾಗಿಲ್ಲ.

ಮಾತ್ರೆಯಿಂದ ಗಾಣ ನಿಲ್ಲಿಸಬಹುದೇ?

ಪ್ರಯತ್ನ ನಡೆದಿದೆ. ಮೆಲೊನಿಲ್-ಕೋಎ ತಯಾರಿಸುವ ಕಿಣ್ವವನ್ನೇ ಕಟ್ಟುವ ಒಂದು ಔಷಧವನ್ನು ರೋಗಿಗಳಿಗೆ ಕೊಟ್ಟ ಫಲಿತಾಂಶ 2017ರಲ್ಲಿ ಬಂತು. ಲಿವರ್ ಕೊಬ್ಬು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ಆದರೆ ರಕ್ತದ ಟ್ರೈಗ್ಲಿಸರೈಡ್ ವಿಪರೀತ ಏರಿತು. ಕಾರಣ ಮತ್ತೆ ನಮ್ಮ ಪರಿಚಿತನೇ: ದೇಹಕ್ಕೆ ಬೇಕಾದ ಕೆಲವು ಒಳ್ಳೆಯ ಕೊಬ್ಬಿನಾಮ್ಲಗಳೂ ಕಡಿಮೆಯಾದವು, ಅವು ತಗ್ಗಿಸಿಟ್ಟಿದ್ದ ಎಸ್‌ಆರ್‌ಇಬಿಪಿ-1ಸಿ ಹೆಡೆಯೆತ್ತಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ವ್ಯವಸ್ಥೆ.

ಸ್ನಾಯುವಿನ ದಾರಿ ಇದಕ್ಕಿಂತ ಸುಲಭ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2006ರಲ್ಲಿ ತೆಳ್ಳಗಿನ ಯುವಕರನ್ನು ಹೋಲಿಸಿದಾಗ, ಭಾರತೀಯ ಮೂಲದವರ ಲಿವರ್‌ನಲ್ಲಿ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಕೊಬ್ಬಿತ್ತು, ಇನ್ಸುಲಿನ್ ಪ್ರತಿರೋಧ ಇನ್ನೂ ಹೆಚ್ಚಿತ್ತು. ಮರುವರ್ಷ ಅದೇ ತಂಡ ಕಾರಣದ ಒಂದು ಭಾಗ ತೋರಿಸಿತು. ಸ್ನಾಯು ಇನ್ಸುಲಿನ್ ಮಾತು ಕೇಳದ ತೆಳ್ಳಗಿನ ಯುವಕರಲ್ಲಿ, ಉಂಡ ಸಕ್ಕರೆ ಸ್ನಾಯುವಿಗೆ ಹೋಗದೆ ಲಿವರ್‌ಗೆ ತಿರುಗಿ ಅಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಕೊಬ್ಬಾಗುತ್ತಿತ್ತು. 2011ರಲ್ಲಿ ಅಂಥವರಿಗೆ ಒಂದೇ ಒಂದು ಸಲ 45 ನಿಮಿಷ ವ್ಯಾಯಾಮ ಮಾಡಿಸಿ ಆಮೇಲೆ ಊಟ ಕೊಟ್ಟರು. ಲಿವರ್ ತಯಾರಿಸುವ ಹೊಸ ಕೊಬ್ಬು ಸುಮಾರು 30 ಪಾಲು ಇಳಿಯಿತು. ದುಡಿದ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ, ಲಿವರ್‌ಗೆ ಉಳಿಯುವುದು ಕಡಿಮೆ.

ಆದ್ದರಿಂದ ನರಸಾಪುರದ ಯುವಕನಿಗೆ ನಾನು ಹೇಳುವುದು ಇಷ್ಟು. ಟೀಯ ಸಕ್ಕರೆ, ಬಿಸ್ಕತ್ತು ಮೊದಲು ಹೋಗಲಿ. ಅನ್ನ ಅರ್ಧವಾಗಲಿ, ಆ ಜಾಗಕ್ಕೆ ಬೇಳೆ, ಕಾಳು, ಹುರುಳಿ ಸಾರು, ಪಲ್ಯ, ಮೊಸರು ಬರಲಿ. ರಾಗಿ ಒಳ್ಳೆಯದೆಂದು ದೊಡ್ಡ ಮುದ್ದೆ ಎರಡು ನುಂಗಿದರೆ ಅದೂ ಸಕ್ಕರೆಯೇ ಆಗುತ್ತದೆ. ಒಂದು ಸಣ್ಣ ಮುದ್ದೆ, ಬಟ್ಟಲು ತುಂಬ ಬಸ್ಸಾರು ಸಾಕು. ಶಿಫ್ಟ್‌ಗೆ ಹೊರಡುವ ಮೊದಲೇ ಊಟ ಮುಗಿಸುವುದು ಸಾಧ್ಯವಾದ ದಿನ ಹಾಗೇ ಮಾಡಲಿ. ಬಸ್ಸು ಇಳಿದ ಮೇಲೆ ಮುಕ್ಕಾಲು ಗಂಟೆ ಬಿರುಸಿನ ನಡಿಗೆ. ತೂಕ ಹೆಚ್ಚಿರುವವರು ಅದರಲ್ಲಿ ನೂರಕ್ಕೆ ಐದರಿಂದ ಏಳರಷ್ಟು ಇಳಿಸಿದರೂ ಲಿವರ್ ಕೊಬ್ಬು ಗಮನಾರ್ಹವಾಗಿ ಕರಗುತ್ತದೆ. ಇವನಂಥ ಸಣಕಲರಿಗೆ ತೂಕಕ್ಕಿಂತ ಸೊಂಟದ ಅಳತೆಯೇ ಸರಿಯಾದ ಲೆಕ್ಕ. ಅದು ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಮುಂದಿನ ಸಲ ರಕ್ತ ಕೊಡುವಾಗ ಬರಿಹೊಟ್ಟೆಯ ಸಕ್ಕರೆ ಒಂದನ್ನೇ ನೋಡಿ ಮನೆಗೆ ಬರುವುದು ಬೇಡ. ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್, ಎಎಲ್‌ಟಿ ಈ ಮೂರನ್ನೂ ಕೇಳಿ ಮಾಡಿಸಿ, ಹಳೆಯ ಸ್ಕ್ಯಾನಿಂಗ್ ವರದಿಯ ಜೊತೆ ಒಂದೇ ಫೈಲಿನಲ್ಲಿಟ್ಟು ವೈದ್ಯರಿಗೆ ತೋರಿಸಲಿ.